ಓಟದ ಪುಸ್ತಕಗಳಲ್ಲಿ ಕಾಣದ ಕೈ

ಓಟದ ಬಗ್ಗೆ ಬರೆದವರೆಲ್ಲ ಒಂದಲ್ಲ ಒಂದು ಪುಟದಲ್ಲಿ ಕಾಲುನೋವಿನ ಹತ್ತಿರ ಬಂದೇ ಬರುತ್ತಾರೆ. ಮಂಡಿ ಊದಿಕೊಳ್ಳುತ್ತದೆ, ಹಿಮ್ಮಡಿ ಊರಲಾಗುವುದಿಲ್ಲ, ಮೀನಖಂಡ ಹಿಡಿದುಕೊಳ್ಳುತ್ತದೆ. ಆ ಪುಟದಲ್ಲಿ ಲೇಖಕರು ಏನು ಮಾಡುತ್ತಾರೆ ಎಂದು ನೋಡಿದರೆ ಪುಸ್ತಕದ ಗುಣ ಬಹುಮಟ್ಟಿಗೆ ತಿಳಿದುಬಿಡುತ್ತದೆ. ಹೆಚ್ಚಿನವರು ಹಲ್ಲು ಕಚ್ಚಿ ಮುಂದೆ ಹೋಗುತ್ತಾರೆ; ಅವರ ವಾಕ್ಯಗಳೂ ಅವರೊಂದಿಗೆ ಹಲ್ಲು ಕಚ್ಚುತ್ತವೆ. ಇನ್ನೊಬ್ಬರ ಮುಂದೆ ಕಾಲು ಚಾಚಿ ಕುಳಿತು ‘ಇಲ್ಲಿ ನೋಯುತ್ತಿದೆ, ಏನು ಮಾಡಲಿ?’ ಎಂದು ಕೇಳಿದ್ದನ್ನು ಬರೆಯುವವರು ಕಡಿಮೆ. ಕೇಳಿರುತ್ತಾರೆ, ಖಂಡಿತ ಕೇಳಿರುತ್ತಾರೆ. ಬರೆಯುವಾಗ ಮಾತ್ರ ಆ ಕ್ಷಣವನ್ನು ದಾಟಿಕೊಂಡು ಹೋಗುತ್ತಾರೆ.

ಮ್ಯಾರಥಾನ್ ಕುರಿತ ಬರಹಕ್ಕೆ ಛಲದ ಭಾಷೆ ಚೆನ್ನಾಗಿ ಬರುತ್ತದೆ, ನೆರವು ಕೇಳುವ ಭಾಷೆ ಬರುವುದಿಲ್ಲ ಎಂಬುದು ನನ್ನ ತಕರಾರು. ಇದನ್ನು ಕೇವಲ ಶೈಲಿಯ ಕೊರತೆ ಎಂದು ಬಿಟ್ಟುಬಿಡುವಂತಿಲ್ಲ. ಈ ಪುಸ್ತಕಗಳನ್ನು ಓದಿಯೇ ಅನೇಕರು ಶೂ ಕಟ್ಟಿಕೊಂಡು ಹೊರಡುತ್ತಾರೆ. ಪುಸ್ತಕ ಹೇಳಿಕೊಟ್ಟ ಮಾತುಗಳಲ್ಲೇ ತಮ್ಮ ಮೈಯನ್ನು ಅರ್ಥಮಾಡಿಕೊಳ್ಳುತ್ತಾರೆ. ಪುಸ್ತಕ ಹೇಳಿಕೊಡದ ಮಾತು ಬೇಕಾದಾಗ ಬಾಯಿಗೆ ಬರುವುದಿಲ್ಲ.

42.195 ಕಿಲೋಮೀಟರ್ ಓಡಲು ತಯಾರಾಗುವವರು ಸಾಮಾನ್ಯವಾಗಿ ನಾಲ್ಕೈದು ತಿಂಗಳ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತಾರೆ. ವಾರದಿಂದ ವಾರಕ್ಕೆ ದೂರ ಏರುತ್ತದೆ. ಭಾನುವಾರದ ಉದ್ದದ ಓಟ ಒಂದು ಹಂತದಲ್ಲಿ 30 ಕಿಲೋಮೀಟರ್ ಮುಟ್ಟುತ್ತದೆ. ಕೊನೆಯ ಎರಡು ಮೂರು ವಾರ ಇಳಿಯುತ್ತದೆ. ಈ ಪಟ್ಟಿಯೊಳಗೇ ಒಂದು ವ್ಯಂಗ್ಯ ಅಡಗಿ ಕುಳಿತಿದೆ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಸ ಕೆಲಸಕ್ಕೆ ಒಗ್ಗಿಕೊಳ್ಳುತ್ತವೆ. ಮೂಳೆಗೂ, ಸ್ನಾಯುವನ್ನು ಮೂಳೆಗೆ ಬಿಗಿದಿರುವ ರಜ್ಜುವಿಗೂ ತಿಂಗಳುಗಳು ಬೇಕು. ಹೀಗಾಗಿ ಮೈಯಲ್ಲಿ ಎಂದೂ ಇಲ್ಲದ ಕಸುವು ಬಂದಂತೆ ಅನ್ನಿಸುವ ಹೊತ್ತಿಗೇ ಮೂಳೆ ಹಿಂದೆ ಬಿದ್ದಿರುತ್ತದೆ. ಉಸಿರು ಹೋಗು ಎನ್ನುತ್ತದೆ, ಮೂಳೆ ತಾಳು ಎನ್ನುತ್ತದೆ. ಉಸಿರಿನ ಮಾತು ಕೂಡಲೇ ಕೇಳಿಸುತ್ತದೆ. ಮೂಳೆಯ ಮಾತು ಬಹಳ ತಡವಾಗಿ ಕೇಳಿಸುತ್ತದೆ.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲೋ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೋ ಬೆಳಗಿನ ಓಟ ಮುಗಿಸಿ ಬೆವರು ಒರೆಸಿಕೊಳ್ಳುತ್ತ ನಿಂತವರ ಮಾತಿಗೆ ಕಿವಿಗೊಟ್ಟರೆ ಈ ತಡವಾದ ಮಾತು ಹೇಗಿರುತ್ತದೆ ಎಂದು ಗೊತ್ತಾಗುತ್ತದೆ. ಅದು ಹೆಚ್ಚುಕಮ್ಮಿ ಹೀಗಿರುತ್ತದೆ: ‘ಇನ್ನು ಆರೇ ವಾರ ಇದೆ ಸರ್. ಹೋದ ಭಾನುವಾರ ಇಪ್ಪತ್ತೆಂಟು ಮಾಡಿದೆ. ಇಪ್ಪತ್ತಾದ ಮೇಲೆ ಮಂಡಿಯ ಹೊರಗಡೆ ಸ್ವಲ್ಪ ಹಿಡಿದುಕೊಂಡಿತು. ಈಗ ಮೆಟ್ಟಿಲು ಇಳಿಯುವಾಗ ಮಾತ್ರ ನೋವು. ಓಡಬಹುದಲ್ವಾ?’ ಸಾಹಿತ್ಯದ ವಿದ್ಯಾರ್ಥಿಗಳು ಈ ಐದು ವಾಕ್ಯಗಳನ್ನು ಪದ್ಯವನ್ನು ನೋಡುವಷ್ಟೇ ಎಚ್ಚರದಿಂದ ನೋಡಬೇಕು. ಮೊದಲು ಬಂದದ್ದು ಕ್ಯಾಲೆಂಡರು, ಆಮೇಲೆ ದೂರ, ಅದಾದ ಮೇಲೆ ನೋವು. ನೋವಿಗೆ ಸಿಕ್ಕಿದ್ದು ಮೂರನೆಯ ಸ್ಥಾನ. ಅದರ ಹಿಂದೆ ಮುಂದೆ ‘ಸ್ವಲ್ಪ’, ‘ಮಾತ್ರ’ ಎಂಬ ಎರಡು ಕಾವಲುಗಾರರು ನಿಂತಿದ್ದಾರೆ. ಕೊನೆಯಲ್ಲಿರುವ ‘ಅಲ್ವಾ’ ಪ್ರಶ್ನೆಯ ವೇಷ ಹಾಕಿದೆ. ನಿಜದಲ್ಲಿ ಅದು ಅಪ್ಪಣೆ ಬೇಡುತ್ತಿದೆ. ಉತ್ತರ ಹೇಳುವವರಿಗೂ ಇದು ಗೊತ್ತು. ಅದಕ್ಕೇ ಯಾರಾದರೊಬ್ಬರು ‘ಏನಾಗಲ್ಲ ಬಿಡಿ, ನನಗೂ ಹಾಗೇ ಆಗಿತ್ತು’ ಎಂದುಬಿಡುತ್ತಾರೆ. ಪ್ರಶ್ನೆಯ ರೂಪವೇ ಉತ್ತರವನ್ನು ಕೆಡಿಸಿದ ಉದಾಹರಣೆ ಇದು. ಆ ರೂಪ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ನಾವು ಪುಸ್ತಕದ ಕಪಾಟಿಗೇ ಬಂದು ನಿಲ್ಲುತ್ತೇವೆ.

ಆ ಕಪಾಟಿನಲ್ಲಿ ಮೊದಲು ಕೈಗೆ ಬರುವುದು ಹಾರುಕಿ ಮುರಕಾಮಿ. ಜಪಾನಿನಲ್ಲಿ 2007ರಲ್ಲಿ ಪ್ರಕಟವಾಗಿ, ಮರುವರ್ಷ ಫಿಲಿಪ್ ಗೇಬ್ರಿಯಲ್ ಅವರ ಇಂಗ್ಲಿಷ್ ಅನುವಾದದಲ್ಲಿ ಜಗತ್ತಿಗೆಲ್ಲ ತಲುಪಿದ ‘ವಾಟ್ ಐ ಟಾಕ್ ಅಬೌಟ್ ವೆನ್ ಐ ಟಾಕ್ ಅಬೌಟ್ ರನ್ನಿಂಗ್’ ನಮ್ಮ ಕಾಲದ ಓಟಗಾರರ ಗುಟಕಾ ಆಗಿಬಿಟ್ಟಿದೆ. ಅದು ಒಳ್ಳೆಯ ಪುಸ್ತಕ. ಬಡಾಯಿಯಿಲ್ಲ, ವಯಸ್ಸಾಗುವುದನ್ನು ಮುಚ್ಚಿಡುವುದಿಲ್ಲ, ಬರೆಯುವ ಕೆಲಸವನ್ನೂ ಓಡುವ ಕೆಲಸವನ್ನೂ ದಿನಗೂಲಿಯ ಶಿಸ್ತಿನಿಂದ ನೋಡುತ್ತದೆ. ಆದರೆ ಮುನ್ನುಡಿಯಲ್ಲೇ ಲೇಖಕರು ಒಂದು ಮಂತ್ರವನ್ನು ಎತ್ತಿ ಹಿಡಿಯುತ್ತಾರೆ: ಓಟದಲ್ಲಿ ನೋವನ್ನು ತಪ್ಪಿಸಲಾಗದು, ಅದಕ್ಕೆ ನರಳಬೇಕೋ ಬೇಡವೋ ಎಂಬುದು ಓಡುವವರ ಕೈಯಲ್ಲಿದೆ ಎನ್ನುವ ಅರ್ಥದ್ದು. 1996ರ ಜೂನ್‌ನಲ್ಲಿ ಹೊಕ್ಕೈಡೊ ದ್ವೀಪದ ಸರೋಮಾ ಸರೋವರದ ಸುತ್ತ ಅವರು ಓಡಿದ 100 ಕಿಲೋಮೀಟರ್ ಓಟದ ಅಧ್ಯಾಯದಲ್ಲಿ ಈ ಮಂತ್ರ ಕೆಲಸಕ್ಕೆ ಇಳಿಯುತ್ತದೆ. ಕಾಲುಗಳು ಮಾತು ಕೇಳದಾದಾಗ ಅವರು ತನ್ನನ್ನು ತಾನೇ ಮನುಷ್ಯನೆಂಬುದನ್ನು ಮರೆಯಿಸಿ, ಯಂತ್ರವೆಂದು ನಂಬಿಸಿಕೊಂಡು ಮುಂದೆ ಸಾಗುತ್ತಾರೆ. ತಮ್ಮ ಸಮಾಧಿಯ ಕಲ್ಲಿನ ಮೇಲೆ ಏನು ಬರೆದಿರಬೇಕು ಎಂದು ಯೋಚಿಸುವಾಗಲೂ, ಓಟದ ನಡುವೆ ನಡೆಯಲಿಲ್ಲವೆಂಬ ಮಾತೇ ಅವರಿಗೆ ಹೊಳೆಯುತ್ತದೆ.

ಸರೋಮಾದ ನೋವಿಗೆ ಈ ಮಂತ್ರ ಸರಿಯಾದ ಔಷಧ. ಅದು ದಣಿವಿನ ನೋವು. ತಡೆದುಕೊಂಡರೆ ದಾಟಬಹುದು, ಮಲಗಿದರೆ ಕೆಲ ದಿನದಲ್ಲಿ ಹೋಗುತ್ತದೆ. ಆದರೆ ಓಟಗಾರರಿಗೆ ಇನ್ನೊಂದು ಬಗೆಯ ನೋವೂ ಬರುತ್ತದೆ. ಪ್ರತಿ ಓಟವೂ ಮೂಳೆಯನ್ನು ಕಣ್ಣಿಗೆ ಕಾಣದಷ್ಟು ಸವೆಸುತ್ತದೆ. ವಿಶ್ರಾಂತಿಯಲ್ಲಿ ಆ ಸವೆತ ತುಂಬಿಕೊಳ್ಳುತ್ತದೆ. ತುಂಬುವುದಕ್ಕಿಂತ ಬೇಗ ಸವೆದರೆ ಬಿರುಕು ಬೀಳುತ್ತದೆ. ಆರಂಭದಲ್ಲಿ ಅದು ಎಕ್ಸ್‌ರೇಯಲ್ಲೂ ಅನೇಕ ಸಲ ಕಾಣಿಸುವುದಿಲ್ಲ. ಆರೆಂಟು ವಾರ ಓಟ ಬಿಟ್ಟರೆ ಸಾಮಾನ್ಯವಾಗಿ ಕೂಡಿಕೊಳ್ಳುವ ಬಿರುಕು, ಹಲ್ಲು ಕಚ್ಚಿ ಓಡಿದರೆ ಪೂರ್ತಿ ಮುರಿತವಾಗಬಹುದು. ಇಲ್ಲಿ ತಾಳ್ಮೆಯೇ ರೋಗವನ್ನು ಬೆಳೆಸುತ್ತದೆ. ಮೊದಲ ನೋವಿನಲ್ಲಿ ಯಾವುದು ಗುಣವೋ ಎರಡನೆಯದರಲ್ಲಿ ಅದೇ ದೋಷ. ಎರಡಕ್ಕೂ ‘ನೋವು’ ಎಂದೇ ಹೆಸರು. ಮುರಕಾಮಿಯ ಗದ್ಯ ಈ ಎರಡರ ನಡುವೆ ಗೆರೆ ಎಳೆಯುವುದಿಲ್ಲ, ಎಳೆಯುವ ಅಗತ್ಯವೂ ಅವರಿಗೆ ಅಷ್ಟಾಗಿ ಬೀಳಲಿಲ್ಲ. ಅವರದು ಗಟ್ಟಿ ಮೈ. ಆ ಮೈಯ ಮಂತ್ರವನ್ನು ಬೇರೆ ಮೈಗಳು ಎರವಲು ಪಡೆದಾಗ ತೊಂದರೆ ಶುರುವಾಗುತ್ತದೆ. ಹೆಚ್ಚು ಮುಖ್ಯವಾದದ್ದು, ಈ ಗೆರೆಯನ್ನು ಓಡುತ್ತಿರುವವರು ಒಬ್ಬರೇ ಎಳೆದುಕೊಳ್ಳುವುದು ಕಷ್ಟ. ಒತ್ತಿ ನೋಡುವ, ನಡೆಸಿ ನೋಡುವ, ‘ರಾತ್ರಿ ಮಲಗಿದಾಗಲೂ ನೋಯುತ್ತದೆಯೇ?’ ಎಂದು ಕೇಳುವ ಇನ್ನೊಬ್ಬರು ಬೇಕು.

ಆ ಇನ್ನೊಬ್ಬರಿಗೆ ಹೇಳಲು ಮಾತು ಬೇಕಲ್ಲ? ವರ್ಜೀನಿಯಾ ವುಲ್ಫ್ 1926ರಲ್ಲಿ ಬರೆದ ‘ಆನ್ ಬೀಯಿಂಗ್ ಇಲ್’ ಪ್ರಬಂಧದಲ್ಲಿ ಇದೇ ದೂರು ಎತ್ತಿದ್ದರು. ಪ್ರೇಮ, ಯುದ್ಧ, ಅಸೂಯೆಗಳ ಸಾಲಿನಲ್ಲಿ ಕಾಯಿಲೆ ಏಕೆ ಸಾಹಿತ್ಯದ ದೊಡ್ಡ ವಸ್ತುವಾಗಲಿಲ್ಲ ಎಂದು ಅವರು ಕೇಳಿದರು. ಹ್ಯಾಮ್ಲೆಟ್ಟನ ಚಿಂತೆಗಳನ್ನು ಹೇಳಬಲ್ಲ ಇಂಗ್ಲಿಷ್ ಭಾಷೆ ತಲೆನೋವಿನ ಮುಂದೆ ಬಡವಾಗುತ್ತದೆ ಎಂದರು. ಕನ್ನಡದಲ್ಲಿ ಓದುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಭಾಷೆ ಈ ವಿಷಯದಲ್ಲಿ ಬಡವಾಗಿಲ್ಲ. ಚಳಕು, ಸೆಳೆತ, ಸಿಡಿತ, ಉರಿ, ಜೋಮು, ಉಳುಕು, ಹಿಡಿತ. ಚುಚ್ಚುತ್ತದೆ, ಹಿಂಡುತ್ತದೆ, ಮರಗಟ್ಟುತ್ತದೆ, ಕಿತ್ತು ಬರುತ್ತದೆ. ಒಂದೊಂದೂ ಬೇರೆ ನೋವು. ಜೋಮು ಹಿಡಿದ ಪಾದಕ್ಕೂ ಉರಿಯುವ ಪಾದಕ್ಕೂ ಕಾರಣ ಬೇರೆ ಇರಬಹುದು. ಮಂಡಿ ‘ಹಿಡಿದುಕೊಂಡಿದೆ’ ಎಂದಾಗ ಮತ್ತು ‘ಚಳಕ್ ಅಂತು’ ಎಂದಾಗ ವೈದ್ಯರ ಕೈ ಬೇರೆ ಬೇರೆ ಕಡೆ ಹೋಗುತ್ತದೆ. ಇಷ್ಟು ಪದಗಳು ನಮ್ಮಲ್ಲಿ ಬೆಳೆದದ್ದು ನಾವು ನೋವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಬಂದಿದ್ದರಿಂದ. ಹೇಳಿಕೊಳ್ಳದ ನೋವಿಗೆ ಹೆಸರು ಹುಟ್ಟುವುದಿಲ್ಲ. ಆದರೆ ನಗರದ ಓಟಗಾರರ ಬಾಯಲ್ಲಿ ಈ ಇಡೀ ಸಂಪತ್ತು ‘ಪೇನ್ ಇದೆ’, ‘ಟೈಟ್ ಆಗಿದೆ’ ಎಂಬ ಎರಡು ಮಾತಿಗೆ ಇಳಿದಿದೆ. ಓಟದ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಓದಿದ ನಾವು ಅವುಗಳ ಬಡತನವನ್ನೂ ಜೊತೆಗೇ ತಂದುಕೊಂಡಿದ್ದೇವೆ.

ಹಾಗೆಂದು ನೋವಿನ ಪ್ರಶ್ನೆಯಿಂದಲೇ ಶುರುವಾಗುವ ಓಟದ ಪುಸ್ತಕವೇ ಇಲ್ಲವೆಂದಲ್ಲ. 2009ರಲ್ಲಿ ಬಂದ ಕ್ರಿಸ್ಟೋಫರ್ ಮೆಕ್‌ಡೂಗಲ್ ಅವರ ‘ಬಾರ್ನ್ ಟು ರನ್’ ಹುಟ್ಟಿದ್ದೇ ಲೇಖಕರ ಪಾದದ ನೋವಿನಿಂದ. ಅವರು ವೈದ್ಯರ ಬಳಿ ಹೋಗುತ್ತಾರೆ, ಓಟವೇ ನಿಮ್ಮ ಮೈಗೆ ಒಗ್ಗದು ಎಂಬಂಥ ಉತ್ತರ ಪಡೆಯುತ್ತಾರೆ, ಒಪ್ಪದೆ ಹುಡುಕುತ್ತ ಹೊರಡುತ್ತಾರೆ. ಹುಡುಕಾಟ ಅವರನ್ನು ಮೆಕ್ಸಿಕೋದ ತಾಮ್ರ ಕಣಿವೆಗೆ, ತೆಳ್ಳನೆಯ ಚಪ್ಪಲಿ ಕಟ್ಟಿಕೊಂಡು ಗುಡ್ಡಗಳಲ್ಲಿ ಬಹುದೂರ ಓಡುವ ರರಾಮುರಿ ಜನರ ಬಳಿಗೆ ಒಯ್ಯುತ್ತದೆ. ಕೇಳುವುದರಿಂದ ಆರಂಭವಾದ ಪುಸ್ತಕ ಎಂಬ ಕಾರಣಕ್ಕೆ ಇದರ ಮೇಲೆ ನನಗೆ ಗೌರವ. ಬೇಸರ ಶುರುವಾಗುವುದು ಪ್ರಶ್ನೆ ನಿಧಿಶೋಧವಾದಾಗ. ಎಲ್ಲೋ ಒಂದು ಗುಟ್ಟಿದೆ, ಅದು ಸಿಕ್ಕರೆ ನೋವು ಮಾಯ ಎಂಬ ರಮ್ಯ ಕಥನದ ನಡಿಗೆ ಪುಸ್ತಕವನ್ನು ಹಿಡಿದುಕೊಳ್ಳುತ್ತದೆ. ಓದುಗರು ಗುಟ್ಟನ್ನಷ್ಟೇ ಎತ್ತಿಕೊಂಡರು. ಬರಿಗಾಲ ಓಟದ, ಬರಿಗಾಲಿನಂಥ ಶೂಗಳ ಅಲೆ ಎದ್ದಿತು. ಅಂಥ ಶೂ ತಯಾರಿಸುವ ವಿಬ್ರಮ್ ಕಂಪನಿ ಆರೋಗ್ಯದ ಲಾಭದ ಬಗ್ಗೆ ಮಾಡಿದ್ದ ಹೇಳಿಕೆಗಳಿಗಾಗಿ ಅಮೆರಿಕದಲ್ಲಿ ಮೊಕದ್ದಮೆ ಎದುರಿಸಿ, ತಪ್ಪೊಪ್ಪಿಕೊಳ್ಳದೆಯೇ 2014ರಲ್ಲಿ ರಾಜಿ ಮಾಡಿಕೊಂಡಿತು.

ಕುತೂಹಲದ ಸಂಗತಿಯೆಂದರೆ ಪುಸ್ತಕದೊಳಗೇ ಬೇರೊಂದು ಉತ್ತರ ಇತ್ತು. ರರಾಮುರಿಗಳ ‘ರರಾಹಿಪರಿ’ ಓಟದಲ್ಲಿ ಎರಡು ತಂಡಗಳು ಮರದ ಚೆಂಡನ್ನು ಒದೆಯುತ್ತ ಗಂಟೆಗಟ್ಟಲೆ ಓಡುತ್ತವೆ. ಕತ್ತಲಾದರೆ ಊರವರು ಪಂಜು ಹಿಡಿದು ಜೊತೆಗೆ ಬರುತ್ತಾರೆ. ಇತ್ತ ಲೇಖಕರನ್ನು ಮತ್ತೆ ಓಡುವಂತೆ ಮಾಡಿದ್ದು ತಿಂಗಳುಗಟ್ಟಲೆ ಅವರ ನಡೆ, ಊಟ, ವ್ಯಾಯಾಮ ತಿದ್ದಿದ ಒಬ್ಬ ತರಬೇತುದಾರ, ಎರಿಕ್ ಆರ್ಟನ್. ಪಂಜು ಹಿಡಿದವರೂ ತಿದ್ದಿದವರೂ ಪುಟಗಳಲ್ಲೇ ಇದ್ದಾರೆ. ಆದರೂ ಪುಸ್ತಕ ಮುಚ್ಚಿದ ಮೇಲೆ ಓದುಗರ ನೆನಪಿನಲ್ಲಿ ಉಳಿಯುವುದು ಚಪ್ಪಲಿ. ನೆರವಿನ ಕತೆಯನ್ನು ವಸ್ತುವಿನ ಕತೆಯಾಗಿ ಹೇಳಿದರೆ ಆಗುವುದು ಹೀಗೆ: ಮಾರುಕಟ್ಟೆ ವಸ್ತುವನ್ನು ಮಾರಬಲ್ಲದು, ಸಂಬಂಧವನ್ನು ಮಾರಲಾರದು.

ನೆರವನ್ನು ನಿರಾಕರಿಸುವುದೇ ಸರಿಯಾಗಿರುವ ಸಂದರ್ಭವೂ ಉಂಟು. ಅದನ್ನು ಮರೆತರೆ ನನ್ನ ವಾದ ಉಪದೇಶವಾಗುತ್ತದೆ. ಅಲನ್ ಸಿಲಿಟೋ 1959ರಲ್ಲಿ ಬರೆದ ‘ದ ಲೋನ್ಲಿನೆಸ್ ಆಫ್ ದ ಲಾಂಗ್ ಡಿಸ್ಟೆನ್ಸ್ ರನ್ನರ್’ ಕತೆಯ ಹುಡುಗ ಸ್ಮಿತ್ ಬಾಲಾಪರಾಧಿಗಳ ಬಂದಿಶಾಲೆಯಲ್ಲಿದ್ದಾನೆ. ಅವನು ಓಡುವುದು ಮ್ಯಾರಥಾನ್ ಅಲ್ಲ, ಬಯಲು ಕಾಡುಗಳ ದೂರದ ಓಟ. ಬೆಳಗಿನ ಚಳಿಯಲ್ಲಿ ಒಬ್ಬನೇ ಅಭ್ಯಾಸ ಮಾಡಲು ಗವರ್ನರ್ ಅವನನ್ನು ಹೊರಗೆ ಬಿಡುತ್ತಾನೆ, ಬೆನ್ನು ತಟ್ಟುತ್ತಾನೆ. ಆದರೆ ಅವನ ಕಣ್ಣೆಲ್ಲ ಹುಡುಗ ಗೆದ್ದು ತರಬೇಕಾದ ಕಪ್ಪಿನ ಮೇಲೆ. ಸ್ಮಿತ್ ಮುಂದೆ ಇದ್ದೂ ಕೊನೆಯ ಗೆರೆಯ ಹತ್ತಿರ ಬೇಕೆಂದೇ ನಿಧಾನಿಸಿ ಸೋಲುತ್ತಾನೆ. ಬಹಳ ಜನ ಈ ಕತೆಯನ್ನು ಓಟಗಾರನ ಏಕಾಂತದ ಸ್ತುತಿಯೆಂದು ಶೀರ್ಷಿಕೆಯಿಂದಲೇ ಊಹಿಸಿಬಿಡುತ್ತಾರೆ. ಆ ಒಂಟಿತನವನ್ನು ಮಾಡಿಟ್ಟದ್ದು ಬಂದಿಶಾಲೆ. ಇನ್ನೊಂದು ವಿವರವನ್ನು ವಿಮರ್ಶಕರು ಅಷ್ಟಾಗಿ ಗಮನಿಸುವುದಿಲ್ಲ: ಬಿಡುಗಡೆಯ ನಂತರ ಸ್ಮಿತ್‌ಗೆ ಪ್ಲೂರಿಸಿ ಬರುತ್ತದೆ, ಎದೆಯ ಪದರ ಬಾವುವ ಕಾಯಿಲೆ. ಆ ಓಟದ ಫಲವೇ ಅದು ಎಂದು ಅವನ ಲೆಕ್ಕ; ಅದರಿಂದಾಗಿ ಸೈನ್ಯಕ್ಕೆ ಸೇರುವುದು ತಪ್ಪಿತೆಂದು ಅವನು ಖುಷಿಪಡುತ್ತಾನೆ. ಮೈಗೆ ಬಿದ್ದ ಪೆಟ್ಟನ್ನೇ ಗುರಾಣಿ ಮಾಡಿಕೊಳ್ಳಬೇಕಾದ ಬದುಕು ಅದು. ಕೈ ಚಾಚಿದವರಿಗೆ ನನ್ನ ಕಾಲು ಬೇಕೋ, ನನ್ನ ಕಾಲು ಗೆಲ್ಲುವ ಕಪ್ಪು ಬೇಕೋ? ಸಿಲಿಟೋ ಕೇಳಿಸಿದ ಈ ಪ್ರಶ್ನೆ ಇಂದಿನ ಪ್ರಾಯೋಜಕರಿಗೂ, ಪದಕದಾಸೆಯ ತರಬೇತುದಾರರಿಗೂ ಹಾಗೇ ತಾಗುತ್ತದೆ.

ಇದರ ಹಳೆಯ ಸಾಕ್ಷಿ ಮ್ಯಾರಥಾನಿನ ಚರಿತ್ರೆಯಲ್ಲೇ ಇದೆ. 1908ರ ಜುಲೈ 24ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಎಲ್ಲರಿಗಿಂತ ಮೊದಲು ಕ್ರೀಡಾಂಗಣದೊಳಗೆ ಬಂದ, ದಿಕ್ಕು ತಪ್ಪಿದ, ಮತ್ತೆ ಮತ್ತೆ ಕುಸಿದ. ಅಧಿಕಾರಿಗಳು ಎತ್ತಿ ನಿಲ್ಲಿಸಿ ಗೆರೆ ದಾಟಿಸಿದರು. ಅಮೆರಿಕದವರು ಆಕ್ಷೇಪಿಸಿದರು; ಪಿಯೆಟ್ರಿ ಅನರ್ಹನಾದ, ಜಾನಿ ಹೇಯ್ಸ್‌ಗೆ ಚಿನ್ನ ಹೋಯಿತು. ಮರುದಿನ ರಾಣಿ ಅಲೆಕ್ಸಾಂಡ್ರಾ ಪಿಯೆಟ್ರಿಗೆ ಪ್ರತ್ಯೇಕ ಕಪ್ಪೊಂದನ್ನು ಕೊಟ್ಟಳು. ಷರ್ಲಾಕ್ ಹೋಮ್ಸ್‌ನ ಕರ್ತೃ ಆರ್ಥರ್ ಕಾನನ್ ಡಾಯ್ಲ್ ಅಂದು ‘ಡೈಲಿ ಮೇಲ್’ ಪತ್ರಿಕೆಗಾಗಿ ವರದಿ ಬರೆಯಲು ಕ್ರೀಡಾಂಗಣದಲ್ಲಿದ್ದರು. ಆಮೇಲೆ ಪಿಯೆಟ್ರಿಗಾಗಿ ಹಣ ಕೂಡಿಸಲೂ ಮುಂದಾದರು. ಚಿತ್ರದಲ್ಲಿರುವ ಕೈಗಳಲ್ಲಿ ಒಂದು ಡಾಯ್ಲ್ ಅವರದೇ ಎಂಬ ದಂತಕತೆ ಬಹುಕಾಲ ಓಡಾಡಿತು, ಅದು ನಿಜವಲ್ಲ. ಆದರೆ ಆ ದಂತಕತೆ ಏಕೆ ಹುಟ್ಟಿತೆಂದು ಯೋಚಿಸಬಹುದು. ಬರೆಯುವವನ ಕೈ ಬಿದ್ದವನನ್ನು ಎತ್ತಿರಬೇಕು ಎಂದು ಓದುಗರ ಮನಸ್ಸು ಬಯಸಿರಬೇಕು. ನಿಯಮ ಏನೇ ಹೇಳಲಿ, ಕತೆಗೆ ಆ ಕೈ ಬೇಕಿತ್ತು.

76 ವರ್ಷಗಳ ನಂತರ, 1984ರ ಆಗಸ್ಟ್ 5ರಂದು, ಲಾಸ್ ಏಂಜಲಿಸ್‌ನಲ್ಲಿ ಮಹಿಳೆಯರ ಮೊದಲ ಒಲಿಂಪಿಕ್ ಮ್ಯಾರಥಾನ್ ನಡೆಯಿತು. ಸ್ವಿಟ್ಜರ್ಲೆಂಡಿನ ಗೇಬ್ರಿಯೆಲಾ ಆಂಡರ್ಸನ್-ಶೀಸ್ ಬಿಸಿಲಿಗೆ ಬಸವಳಿದು, ಮೈ ಒಂದು ಕಡೆ ವಾಲಿ, ಕೊನೆಯ ಸುತ್ತನ್ನು ಐದು ನಿಮಿಷಕ್ಕೂ ಹೆಚ್ಚು ಹೊತ್ತು ತೂರಾಡುತ್ತ ಮುಗಿಸಿ 37ನೆಯವರಾದರು. ಮುಟ್ಟಿದರೆ ಅನರ್ಹತೆ. ವೈದ್ಯರು ಮುಟ್ಟದೆ ಪಕ್ಕದಲ್ಲೇ ನಡೆದರು; ಆಕೆ ಇನ್ನೂ ಬೆವರುತ್ತಿದ್ದಾರೆ ಎಂದು ಗಮನಿಸಿ, ಸದ್ಯಕ್ಕೆ ಬಿಡಬಹುದು ಎಂದು ತೀರ್ಮಾನಿಸಿದರು. ಈ ದೃಶ್ಯವನ್ನು ಛಲದ ಪರಮಾವಧಿಯೆಂದು ಮತ್ತೆ ಮತ್ತೆ ಬರೆಯಲಾಗಿದೆ. ನನಗೆ ಅದರಲ್ಲಿ ಕಾಣುವುದು ಪಕ್ಕದಲ್ಲಿ ನಡೆದವರ ಕಣ್ಣು. ಬೆವರನ್ನು ಓದಬಲ್ಲ ಕಣ್ಣು ಜೊತೆಗಿದ್ದದ್ದರಿಂದ ಆ ಛಲ ಸಾವಿನ ಕಡೆ ಹೋಗಲಿಲ್ಲ.

ಅದೇ ಓಟದಲ್ಲಿ 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಗೆದ್ದವರು ಅಮೆರಿಕದ ಜೋನ್ ಬೆನೊಯಿಟ್. ಆಯ್ಕೆಯ ಓಟಕ್ಕೆ 17 ದಿನ ಇರುವಾಗ ಮಂಡಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರು. ಪ್ರೇರಣೆಯ ಭಾಷಣಗಳಲ್ಲಿ ಈ ಕತೆ ‘17 ದಿನ’ ಎಂಬ ಒಂದೇ ಅಂಕಿಯಲ್ಲಿ ಮುಗಿದುಹೋಗುತ್ತದೆ. ಆ ದಿನಗಳೊಳಗೆ ಏನೇನಿತ್ತು? ಮಂಡಿಯಲ್ಲಿ ಅಡ್ಡ ಬಂದದ್ದನ್ನು ಕಂಡು ಕತ್ತರಿಸಿದ ಶಸ್ತ್ರವೈದ್ಯರಿದ್ದರು. ಕಾಲು ಆಡಿಸಲಾಗದಾಗ ಕೈಯಿಂದ ತಿರುಗಿಸುವ ಸೈಕಲ್ ಇತ್ತು. ನೋಯುವ ಕಾಲನ್ನು ಕಾಪಾಡಲು ಹೋಗಿ ಇನ್ನೊಂದು ಕಾಲಿನ ತೊಡೆಯ ಹಿಂಭಾಗ ಸೆಳೆದುಕೊಂಡಾಗ ಅದನ್ನು ನೋಡಿಕೊಂಡವರಿದ್ದರು. ಇಷ್ಟನ್ನೂ ಅಳಿಸಿ ‘ಮನಸ್ಸಿದ್ದರೆ ಮಾರ್ಗ’ ಎಂದು ಬರೆದರೆ ಕೇಳಿದವರಿಗೆ ಸಿಗುವುದು ಬರೀ ಅರ್ಧ ಸತ್ಯ. ಅದನ್ನು ನಂಬಿದವರು ಮನಸ್ಸನ್ನು ಗಟ್ಟಿಮಾಡಿಕೊಂಡು ವೈದ್ಯರನ್ನು ಮುಂದೂಡುತ್ತಾರೆ.

ಅಳಿಸಿಹೋದದ್ದನ್ನು ವಾಪಸು ಬರೆದವರಲ್ಲಿ ಹೆಂಗಸರು ಮುಂದಿದ್ದಾರೆ, ಅದಕ್ಕೆ ಕಾರಣವೂ ಇದೆ. ಎಳೆಯ ಓಟಗಾರ್ತಿಯೊಬ್ಬಳ ಮೂಳೆ ಮತ್ತೆ ಮತ್ತೆ ಬಿರುಕು ಬಿಟ್ಟರೆ ಬಲ್ಲ ವೈದ್ಯರು ಶೂ ನೋಡುವುದಕ್ಕೆ ಮೊದಲು ಎರಡು ವಿಷಯ ಕೇಳುತ್ತಾರೆ: ಸರಿಯಾಗಿ ಊಟ ಮಾಡುತ್ತಿದ್ದೀಯಾ? ಮುಟ್ಟು ತಪ್ಪದೆ ಬರುತ್ತಿದೆಯಾ? ಓಡುವಷ್ಟಕ್ಕೆ ತಕ್ಕ ಊಟವಿಲ್ಲದಾಗ ಮುಟ್ಟು ನಿಲ್ಲಬಹುದು. ಅದರ ಹಿಂದೆಯೇ ಮೂಳೆ ದುರ್ಬಲವಾಗುತ್ತದೆ. ಅಮೆರಿಕದ ಓಟಗಾರ್ತಿ ಲಾರೆನ್ ಫ್ಲೆಷ್‌ಮನ್ 2023ರಲ್ಲಿ ಪ್ರಕಟಿಸಿದ ‘ಗುಡ್ ಫಾರ್ ಎ ಗರ್ಲ್’ ಆತ್ಮಕಥನ ಈ ಮಾತನ್ನು ನೇರವಾಗಿ ಎತ್ತಿಕೊಳ್ಳುತ್ತದೆ. ಗಂಡಿನ ಮೈಯನ್ನು ಅಳತೆಗೋಲು ಮಾಡಿಕೊಂಡ ಕ್ರೀಡಾವ್ಯವಸ್ಥೆಯಲ್ಲಿ ಹುಡುಗಿಯರು ತೂಕ ಇಳಿಸುತ್ತ, ಮುಟ್ಟು ನಿಂತದ್ದನ್ನು ಬಾಯಿಬಿಡದೆ, ಮೂಳೆ ಮುರಿದುಕೊಳ್ಳುವುದನ್ನು ಅದು ಹೇಳುತ್ತದೆ. ಇಲ್ಲಿ ಗಾಯ ಒಬ್ಬಳ ದುರದೃಷ್ಟವಾಗಿ ಉಳಿಯದೆ ಒಂದು ಪದ್ಧತಿಯ ಫಲವಾಗಿ ಕಾಣತೊಡಗುತ್ತದೆ. ಅಂಥ ಗಾಯಕ್ಕೆ ನೆರವು ಕೇಳುವುದೆಂದರೆ ಪದ್ಧತಿಯನ್ನೇ ಪ್ರಶ್ನಿಸಿದಂತೆ. ನಮ್ಮ ಊರಿನ ಶಾಲೆ ಕಾಲೇಜುಗಳ ಮೈದಾನಗಳಲ್ಲಿ ಓಡುವ ಹುಡುಗಿ ಈ ಎರಡು ಪ್ರಶ್ನೆಗಳಿಗೆ ಯಾರ ಮುಂದೆ ಉತ್ತರ ಹೇಳಬಲ್ಲಳು ಎಂದು ಯೋಚಿಸಿದರೆ ಈ ಪುಸ್ತಕ ದೂರದ್ದೆನಿಸುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೂ, ಕೇಳುವ ಭಾಷೆಯ ನಿಜವಾದ ಪುಸ್ತಕವನ್ನು ತೋರಿಸಿ ಎಂದರೆ ನಾನು ಓಟದ ಕಪಾಟು ಬಿಟ್ಟು ಪಕ್ಕದ ಕಪಾಟಿಗೆ ಹೋಗುತ್ತೇನೆ. ನರವೈದ್ಯ ಆಲಿವರ್ ಸ್ಯಾಕ್ಸ್ 1984ರಲ್ಲಿ ಪ್ರಕಟಿಸಿದ ‘ಎ ಲೆಗ್ ಟು ಸ್ಟಾಂಡ್ ಆನ್’ ನಡೆಯುವುದರ ಬಗ್ಗೆ ಇರುವ ಪುಸ್ತಕ. 1974ರಲ್ಲಿ ನಾರ್ವೆಯ ಬೆಟ್ಟವೊಂದರಲ್ಲಿ ಒಬ್ಬರೇ ಹೋಗುತ್ತಿದ್ದಾಗ ಹೋರಿಗೆ ಹೆದರಿ ಓಡಿ ಬಿದ್ದು ಎಡತೊಡೆಯ ದೊಡ್ಡ ಸ್ನಾಯುವಿನ ರಜ್ಜು ಹರಿದುಕೊಂಡರು. ಛತ್ರಿಯನ್ನೇ ಕಟ್ಟುಪಟ್ಟಿ ಮಾಡಿಕೊಂಡು, ತೆವಳುತ್ತ ಇಳಿಯುತ್ತಿದ್ದವರನ್ನು ಕಂಡು ಉಳಿಸಿದ್ದು ಹಿಮಸಾರಂಗದ ಬೇಟೆಗೆ ಬಂದಿದ್ದ ಇಬ್ಬರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಆ ಕಾಲು ತನ್ನದೆಂದೇ ಅವರಿಗೆ ಅನ್ನಿಸಲಿಲ್ಲ. ಹಾಸಿಗೆಯಲ್ಲಿ ಯಾರದೋ ವಸ್ತುವೊಂದು ಬಿದ್ದಿರುವಂತೆ. ಅದನ್ನು ಹೇಳಿಕೊಂಡಾಗ ಶಸ್ತ್ರವೈದ್ಯರು ಅದಕ್ಕೆ ಅರ್ಥವೇ ಇಲ್ಲವೆಂಬಂತೆ ತಳ್ಳಿಹಾಕಿದರು. ಸ್ವತಃ ವೈದ್ಯರಾದವರಿಗೇ ವೈದ್ಯರು ಕಿವಿಗೊಡಲಿಲ್ಲ.

ಈ ಪುಸ್ತಕದ ನಿಜವಾದ ಏರಿಳಿತ ಇರುವುದು ಮೈಯ ಚೇತರಿಕೆಯಲ್ಲಲ್ಲ, ಕೇಳಿಸಿಕೊಳ್ಳುವವರು ಸಿಗುವುದರಲ್ಲಿ. ಸ್ಯಾಕ್ಸ್ ಮಾಸ್ಕೋದ ನರಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾಗೆ ಬರೆದು ತಮ್ಮ ಅನುಭವ ವಿವರಿಸಿದರು. ಲೂರಿಯಾ ಅದನ್ನು ಗಂಭೀರವಾಗಿ ತೆಗೆದುಕೊಂಡರು, ಬರೆದು ಪ್ರಕಟಿಸಿ ಎಂದರು. ಮತ್ತೆ ಹೆಜ್ಜೆ ಇಡುವ ದಿನ ಎರಡೂ ಪಕ್ಕ ಫಿಸಿಯೋಥೆರಪಿಸ್ಟರು ನಿಂತಿದ್ದರು. ಹೆಜ್ಜೆಯ ಲಯ ಹುಡುಕಿಕೊಟ್ಟದ್ದು ಮನಸ್ಸಿನಲ್ಲಿ ತಾನಾಗಿ ಎದ್ದ ಮೆಂಡೆಲ್ಸನ್ನನ ಪಿಟೀಲು ಕನ್ಸರ್ಟೊ. ಸ್ಯಾಕ್ಸ್ ಗದ್ಯ ಕೆಲವು ಕಡೆ ಕಾಂಟ್ ಮೊದಲಾದವರ ತತ್ತ್ವಚಿಂತನೆಯ ಭಾರಕ್ಕೆ ಬಾಗುತ್ತದೆ, ಒಂದು ಹೆಜ್ಜೆಗೆ ನಾಲ್ಕು ಪುಟ ಎನಿಸುತ್ತದೆ. ಆದರೂ ಈ ಪುಸ್ತಕ ಓಟದ ಪುಸ್ತಕಗಳು ಮಾಡದ ಕೆಲಸವೊಂದನ್ನು ಮಾಡುತ್ತದೆ. ಹೇಳಿಕೊಂಡದ್ದು, ತಳ್ಳಿಹಾಕಿಸಿಕೊಂಡದ್ದು, ಮತ್ತೆ ಬೇರೆಯವರಿಗೆ ಹೇಳಿಕೊಂಡದ್ದು, ಕೊನೆಗೊಬ್ಬರು ನಂಬಿದ್ದು: ಇದೇ ಇಲ್ಲಿ ಕಥಾವಸ್ತು. ಛಲವೂ ಇಲ್ಲಿದೆ, ಆದರೆ ಅದು ಕೇಳುತ್ತಲೇ ಇರುವ ಛಲ.

ನಮ್ಮಲ್ಲಿ ಇದಕ್ಕೆ ಬೇರೊಂದು ನೆಲೆ ಇತ್ತು ಎಂಬುದನ್ನೂ ನೆನೆಯಬೇಕು. ಮೈಸೂರಿನ ಕಡೆಯ ಗರಡಿಮನೆಗಳಲ್ಲಿ ತಾಲೀಮು ಎಂದರೆ ಬಸ್ಕಿ, ದಂಡ ಹೊಡೆಯುವುದಷ್ಟೇ ಅಲ್ಲ. ಎಣ್ಣೆ ತಿಕ್ಕುವುದು, ಉಳುಕು ತೆಗೆಯುವುದು, ಇಂದು ಮಟ್ಟಿಗೆ ಇಳಿಯಬೇಡ ಎಂದು ಉಸ್ತಾದ್ ತಡೆಯುವುದು, ಎಲ್ಲವೂ ತಾಲೀಮೇ. ಹಳ್ಳಿಗಳಲ್ಲಿ ಸೊಂಟ ಉಳುಕಿದವರು ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗಿ ಒದೆಸಿಕೊಳ್ಳುತ್ತಿದ್ದರು. ಇದರಲ್ಲಿ ವೈದ್ಯವೆಷ್ಟು ನಂಬಿಕೆಯೆಷ್ಟು ಎಂದು ತೂಗಬೇಕಾದದ್ದೇ. ಬಿರುಕು ಬಿಟ್ಟ ಮೂಳೆಯನ್ನು ತಿಕ್ಕಿದರೆ ಕೆಡುಕೇ ಆಗುತ್ತದೆ. ಉಸ್ತಾದರ ಮಾತಿಗೆ ಎದುರಾಡುವಂತಿರಲಿಲ್ಲ, ಹೆಂಗಸರಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಅದನ್ನೆಲ್ಲ ಹಾಗೇ ವಾಪಸು ತರಬೇಕೆಂದು ನಾನು ಹೇಳುತ್ತಿಲ್ಲ. ಉಳುಕಿದ ಮೈಯನ್ನು ಇನ್ನೊಬ್ಬರ ಬಳಿಗೆ ಒಯ್ಯುವುದು ಅಲ್ಲಿ ಸೋಲು ಅನ್ನಿಸಿಕೊಳ್ಳುತ್ತಿರಲಿಲ್ಲ ಎಂಬುದಷ್ಟೇ ನನಗೆ ಮುಖ್ಯ. ಆ ಮನೋಧರ್ಮ ನಮ್ಮ ಭಾಷೆಯ ನೋವಿನ ಪದಗಳಲ್ಲಿ ಇನ್ನೂ ಉಳಿದುಕೊಂಡಿದೆ. ಕನ್ನಡದಲ್ಲಿ ಓಟದ ಬಗ್ಗೆ ಬರೆಯುವವರಿಗೆ ಇದು ಸಿದ್ಧವಾಗಿರುವ ಬಂಡವಾಳ. ಇಂಗ್ಲಿಷಿನಿಂದ ಛಲದ ಮಂತ್ರಗಳನ್ನು ತರುವುದಕ್ಕಿಂತ, ಚಳಕಿಗೂ ಸೆಳೆತಕ್ಕೂ ಇರುವ ವ್ಯತ್ಯಾಸವನ್ನು ಒಬ್ಬರು ಇನ್ನೊಬ್ಬರಿಗೆ ವಿವರಿಸುವ ದೃಶ್ಯ ಬರೆಯುವುದು ಹೆಚ್ಚು ಕಷ್ಟ, ಹೆಚ್ಚು ಉಪಯೋಗ.

ಅಂಥ ಬರಹದಲ್ಲಿ ಏನಿರಬೇಕು? ನೋವು ಕ್ಯಾಲೆಂಡರಿಗಿಂತ ಮೊದಲು ಬರಬೇಕು. ‘ಓಡಬಹುದಲ್ವಾ’ ಎಂಬಲ್ಲಿ ‘ಇದು ಯಾವ ನೋವು?’ ಎಂಬ ಪ್ರಶ್ನೆ ಇರಬೇಕು. ಉತ್ತರ ಕೊಟ್ಟವರಿಗೆ ಮುಖ, ದನಿ, ತಾಳ್ಮೆ, ಕೆಲವೊಮ್ಮೆ ಸಿಡುಕು ಇರಬೇಕು. ಓಟವನ್ನು ಈ ವರ್ಷ ಬಿಟ್ಟುಬಿಡುವ ತೀರ್ಮಾನಕ್ಕೂ ಒಂದು ಅಧ್ಯಾಯ ಸಿಗಬೇಕು, ಗೆರೆ ದಾಟಿದವರಿಗೆ ಸಿಗುವಷ್ಟೇ ಪುಟಗಳೊಂದಿಗೆ. ಓಟಗಾರರ ಆತ್ಮಕಥನಗಳನ್ನು ಕೊನೆಯಿಂದ ಓದುವ ಅಭ್ಯಾಸ ಮಾಡಿಕೊಂಡರೆ ಒಂದು ವಿಷಯ ಗೊತ್ತಾಗುತ್ತದೆ: ಮಂಡಿ ಒತ್ತಿದವರು, ಐಸ್ ತಂದಿಟ್ಟವರು, ಬೇಡವೆಂದು ಬೈದವರು, ಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದವರು ಬಹುತೇಕ ಸಿಗುವುದು ಅಲ್ಲೇ, ಸಣ್ಣ ಅಕ್ಷರದ ಕೃತಜ್ಞತೆಯ ಪುಟದಲ್ಲಿ. ಅವರನ್ನು ಆ ಪುಟದಿಂದ ಎಬ್ಬಿಸಿ ಕತೆಯ ನಡುವೆ ಕೂರಿಸಬಲ್ಲ ಲೇಖಕರಿಗಾಗಿ ಓಟದ ಸಾಹಿತ್ಯ ಇನ್ನೂ ಕಾಯುತ್ತಿದೆ.